ಸಂತ ಅಗಸ್ಟೀನರ ತಾತ್ತ್ವಿಕ ಪಯಣ: ಜೀವನದೃಷ್ಟಿ ಮತ್ತು ಪರರ ಹೊಣೆ

ಪೀಠಿಕೆ

ಸಂತ ಅಗಸ್ಟೀನರ ಮನಪರಿವರ್ತನೆಯನ್ನು ಏಣಿಯ ಮೆಟ್ಟಿಲುಗಳಂತೆ ವಿವರಿಸುವುದು ನಮ್ಮ ಪಾಠಕ್ರಮಗಳಲ್ಲಿ ರೂಢಿಯಾಗಿದೆ. ಮೊದಲು ಸಿಸೆರೊ, ಅನಂತರ ಮಾನಿಯ ದ್ವಿತತ್ತ್ವವಾದ, ಅದಾದ ಮೇಲೆ ಅಕಾಡೆಮಿಯ ಸಂದೇಹವಾದ, ಮುಂದೆ ನವಪ್ಲೇಟೋವಾದ, ಕಟ್ಟಕಡೆಗೆ ಕ್ರೈಸ್ತ ವಿಶ್ವಾಸ. ಪ್ರತಿಯೊಂದು ಪಂಥವನ್ನೂ ಅವರು ಹತ್ತಿ ದಾಟಿದರು, ದಾಟಿದ ಮೆಟ್ಟಿಲನ್ನು ಹಿಂದೆ ಬಿಟ್ಟರು, ಕೊನೆಗೆ ಸತ್ಯವನ್ನು ಮುಟ್ಟಿದರು ಎಂಬ ಈ ಚಿತ್ರ ಪರೀಕ್ಷೆಯ ಉತ್ತರಕ್ಕೆ ಅನುಕೂಲಕರವಾದುದು. ಆದರೆ ಅಗಸ್ಟೀನರ ಬರಹಗಳನ್ನೇ ಕಾಲಾನುಕ್ರಮದಲ್ಲಿ ಓದಿದಾಗ ಈ ಚಿತ್ರದ ಎರಡು ಕೊರತೆಗಳು ಗೋಚರಿಸುತ್ತವೆ.

ಮೊದಲನೆಯದಾಗಿ, ಈ ಏಣಿಯನ್ನು ಅವರು ಒಬ್ಬರೇ ಹತ್ತಲಿಲ್ಲ. ಪ್ರತಿಯೊಂದು ಹಂತದಲ್ಲಿಯೂ ಅವರ ಸುತ್ತ ಸ್ನೇಹಿತರಿದ್ದರು. ಅವರಲ್ಲಿ ಹಲವರು ಅಗಸ್ಟೀನರ ಮಾತಿಗೆ ಮಾರುಹೋಗಿಯೇ ಆ ಹಂತಕ್ಕೆ ಬಂದವರು. ಎರಡನೆಯದಾಗಿ, ದಾಟಿದ ಮೆಟ್ಟಿಲು ಹಿಂದೆ ಉಳಿಯಲಿಲ್ಲ. ಬಿಟ್ಟುಬಂದ ಪಂಥಗಳ ಪ್ರಶ್ನೆಗಳು, ಪದಗಳು, ಮನೋಧರ್ಮಗಳು ಅವರೊಡನೆಯೇ ನಡೆದುಬಂದವು. ಈ ಎರಡು ಸಂಗತಿಗಳನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ವ್ಯಕ್ತಿಯೊಬ್ಬನ ಜೀವನದೃಷ್ಟಿ ಎಂದಿಗೂ ಅವನ ಖಾಸಗಿ ಸ್ವತ್ತಲ್ಲ. ಅದನ್ನು ಸ್ವೀಕರಿಸುವಾಗಲೂ ತ್ಯಜಿಸುವಾಗಲೂ ಅವನು ಇತರರಿಗೆ ಹೊಣೆಗಾರನಾಗುತ್ತಾನೆ ಎಂಬುದನ್ನು ಅಗಸ್ಟೀನರ ಬದುಕು ಸ್ಪಷ್ಟಪಡಿಸುತ್ತದೆ.

ಸಿಸೆರೊನಿಂದ ಮಾನಿಯೆಡೆಗೆ

ಅಗಸ್ಟೀನರು ಜನಿಸಿದ್ದು ಕ್ರಿ.ಶ. 354ರ ನವೆಂಬರ್ 13ರಂದು, ರೋಮನ್ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ. ಇಂದು ಆ ಊರು ಆಲ್ಜೀರಿಯದಲ್ಲಿದೆ. ತಾಯಿ ಮೋನಿಕಾ ಕ್ರೈಸ್ತಳು. ತಂದೆ ಪತ್ರಿಸಿಯುಸ್ ಜೀವನದ ಕೊನೆಯಲ್ಲಿ ಮಾತ್ರ ದೀಕ್ಷಾಸ್ನಾನ ಪಡೆದವನು. ಕುಟುಂಬದ ಆದಾಯ ಮಗನ ಉನ್ನತ ವ್ಯಾಸಂಗಕ್ಕೆ ಸಾಲುತ್ತಿರಲಿಲ್ಲ. ಅದೇ ಊರಿನ ಶ್ರೀಮಂತ ರೊಮಾನಿಯಾನುಸನ ಆಶ್ರಯ ದೊರೆತುದರಿಂದ ಅವರು ಕಾರ್ಥೇಜಿನಲ್ಲಿ ಓದನ್ನು ಮುಂದುವರಿಸಲು ಸಾಧ್ಯವಾಯಿತು. ಈ ರೊಮಾನಿಯಾನುಸನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ಹತ್ತೊಂಬತ್ತರ ಹರೆಯದಲ್ಲಿ ಅಗಸ್ಟೀನರ ಕೈಗೆ ಸಿಸೆರೊನ ‘ಹೊರ್ಟೆನ್ಸಿಯುಸ್’ ಎಂಬ ಸಂವಾದಗ್ರಂಥ ಬಂದಿತು. ಜ್ಞಾನವನ್ನು ಪ್ರೀತಿಸಬೇಕೆಂದು ಕರೆಕೊಡುವ ಆ ಗ್ರಂಥದ ಚೂರುಗಳು ಮಾತ್ರ ಇಂದು ಉಳಿದಿವೆ. ಅದು ತಮ್ಮ ಬಯಕೆಗಳ ದಿಕ್ಕನ್ನೇ ಬದಲಿಸಿತೆಂದು ಅವರು ‘ಕನ್ಫೆಸ್ಸಿಯೋನೆಸ್’ ಎಂಬ ತಮ್ಮ ಆತ್ಮನಿವೇದನೆಯಲ್ಲಿ ದಾಖಲಿಸಿದ್ದಾರೆ. ಆದರೆ ಬಾಲ್ಯದಿಂದಲೂ ಪರಿಚಿತವಾಗಿದ್ದ ಕ್ರಿಸ್ತನಾಮವು ಅಲ್ಲಿರಲಿಲ್ಲವೆಂಬುದು ಅವರ ಅತೃಪ್ತಿಗೆ ಕಾರಣವಾಯಿತು. ಪವಿತ್ರ ಗ್ರಂಥವನ್ನು ತೆರೆದು ನೋಡಿದರು. ಅಲಂಕಾರಶಾಸ್ತ್ರದ ಆ ವಿದ್ಯಾರ್ಥಿಗೆ ಅದರ ಲತೀನ್ ಅನುವಾದ ಒರಟಾಗಿ ತೋರಿತು. ಹೀಗೆ ಜ್ಞಾನದ ಹಂಬಲವೂ ಕ್ರಿಸ್ತನಾಮದ ಮೋಹವೂ ಜೊತೆಗೂಡಿದ್ದ ಹೊತ್ತಿನಲ್ಲಿ ಅವೆರಡನ್ನೂ ಕೊಡುವೆವೆಂದವರು ಮಾನಿಯ ಅನುಯಾಯಿಗಳು.

ಮಾನಿ 216ರಲ್ಲಿ ಮೆಸೊಪೊಟೇಮಿಯದಲ್ಲಿ ಹುಟ್ಟಿ, ಯೌವನದಲ್ಲಿ ಭಾರತದ ಕಡೆಗೂ ಪಯಣಿಸಿ, 270ರ ದಶಕದಲ್ಲಿ ಪರ್ಷಿಯದ ಸೆರೆಮನೆಯಲ್ಲಿ ಮಡಿದ ಧರ್ಮಸ್ಥಾಪಕ. ಬುದ್ಧ, ಜರತುಷ್ಟ್ರ, ಯೇಸು ಈ ಮೂವರನ್ನೂ ತನ್ನ ಪೂರ್ವಸೂರಿಗಳೆಂದು ಅವನು ಭಾವಿಸಿದ್ದನು. ಅವನ ಬೋಧನೆಯ ಪ್ರಕಾರ ಬೆಳಕು ಮತ್ತು ಕತ್ತಲೆ ಎಂಬ ಎರಡು ಅನಾದಿ ತತ್ತ್ವಗಳಿವೆ. ಕತ್ತಲೆಯು ಬೆಳಕಿನ ರಾಜ್ಯದ ಮೇಲೆ ದಾಳಿಮಾಡಿದುದರಿಂದ ಅವೆರಡೂ ಬೆರೆತು ಈ ಲೋಕ ಉಂಟಾಯಿತು. ನಮ್ಮ ನಾಡಿನ ಮಧ್ವಾಚಾರ್ಯರ ದ್ವೈತದೊಡನೆ ಇದನ್ನು ಬೆರೆಸಬಾರದು. ಮಧ್ವರಲ್ಲಿ ದೇವರೊಬ್ಬನೇ ಸ್ವತಂತ್ರನು, ಉಳಿದುದೆಲ್ಲವೂ ಅವನನ್ನು ಅವಲಂಬಿಸಿದುದು. ಮಾನಿಯಲ್ಲಿ ಕತ್ತಲೆಯೂ ದೇವರಷ್ಟೇ ಸ್ವತಂತ್ರವಾದ, ಆತನಿಗೆ ಎದುರಾಗಿ ನಿಂತ ತತ್ತ್ವ. ಈ ಪಂಥದಲ್ಲಿ ‘ಆಯ್ದವರು’ ಮತ್ತು ‘ಶ್ರೋತೃಗಳು’ ಎಂಬ ಎರಡು ವರ್ಗಗಳಿದ್ದವು. ಆಯ್ದವರು ಬ್ರಹ್ಮಚರ್ಯವನ್ನು ಪಾಲಿಸುತ್ತ, ಮಾಂಸ ಮದ್ಯಗಳನ್ನು ವರ್ಜಿಸುತ್ತ, ಒಂದು ಹಣ್ಣನ್ನೂ ತಾವಾಗಿ ಕೀಳದೆ ಬದುಕುತ್ತಿದ್ದರು. ಶ್ರೋತೃಗಳು ಅವರಿಗೆ ಆಹಾರ ಒದಗಿಸುತ್ತಿದ್ದರು. ಅಗಸ್ಟೀನರು ಸುಮಾರು ಒಂಬತ್ತು ವರ್ಷಗಳ ಕಾಲ ಶ್ರೋತೃವಾಗಿದ್ದರು.

ಈ ಬೋಧನೆ ಅಂತಹ ಮೇಧಾವಿಯನ್ನು ಹೇಗೆ ಹಿಡಿದಿಟ್ಟಿತು? ಕಾರಣಗಳು ಮೂರು. ಕೇಡು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಅದರಲ್ಲಿ ನೇರವಾದ ಉತ್ತರವಿತ್ತು. ವಿಶ್ವಾಸವನ್ನು ಬೇಡದೆ ಬುದ್ಧಿಯಿಂದಲೇ ಎಲ್ಲವನ್ನೂ ಸಿದ್ಧಪಡಿಸುವೆವೆಂಬ ಭರವಸೆಯಿತ್ತು. ಪಾಪ ಮಾಡುವವನು ನಾನಲ್ಲ, ನನ್ನೊಳಗಿರುವ ಮತ್ತೊಂದು ಸ್ವಭಾವ ಎಂದು ಹೇಳಿಕೊಳ್ಳುವ ಸೌಕರ್ಯವಿತ್ತು. ಈ ಮೂರನೆಯದು ತಮ್ಮ ಅಹಂಕಾರಕ್ಕೆ ಹಿತವಾಗಿತ್ತೆಂದು ಮುಂದೆ ಅವರೇ ಒಪ್ಪಿಕೊಂಡರು.

ಸೆಳೆದುಕೊಂಡ ಸ್ನೇಹಿತರು

ಹೊಸ ಮತವನ್ನು ಹಿಡಿದ ಯುವಕನು ಸುಮ್ಮನಿರುವವನಲ್ಲ. ವಾಗ್ಮಿಯಾಗಿದ್ದ ಅಗಸ್ಟೀನರು ತಮ್ಮ ಪರಿಚಿತರಲ್ಲಿ ಒಬ್ಬೊಬ್ಬರನ್ನೇ ಈ ಪಂಥಕ್ಕೆ ಸೆಳೆದರು. ಅವರನ್ನು ಓದಿಸಿದ ರೊಮಾನಿಯಾನುಸ್ ಅವರಲ್ಲೊಬ್ಬ. ಮುಂದೆ ತಗಾಸ್ತೆಯ ಧರ್ಮಾಧ್ಯಕ್ಷರಾದ ಅಲಿಪಿಯುಸ್ ಮತ್ತೊಬ್ಬರು. ಹೊನೊರಾತುಸ್ ಎಂಬ ಸಹಪಾಠಿ ಇನ್ನೊಬ್ಬ. ಇವರಲ್ಲದೆ ‘ಕನ್ಫೆಸ್ಸಿಯೋನೆಸ್’ ಗ್ರಂಥದ ನಾಲ್ಕನೆಯ ಭಾಗದಲ್ಲಿ ಹೆಸರಿಲ್ಲದ ಒಬ್ಬ ಗೆಳೆಯನ ಕಥೆಯಿದೆ.

ಅವನು ಅಗಸ್ಟೀನರ ಬಾಲ್ಯದ ಜೊತೆಗಾರ, ಸಮವಯಸ್ಕ. ಅವನ ಎಳೆಯ ವಿಶ್ವಾಸವನ್ನು ಕದಲಿಸಿ ಮಾನಿಯ ಕಥೆಗಳಿಗೆ ತಿರುಗಿಸಿದವರು ಅಗಸ್ಟೀನರೇ. ಒಮ್ಮೆ ಆ ಗೆಳೆಯ ಜ್ವರದಿಂದ ಪ್ರಜ್ಞೆ ತಪ್ಪಿ ಮಲಗಿದ್ದಾಗ ಮನೆಯವರು ಅವನಿಗೆ ದೀಕ್ಷಾಸ್ನಾನ ಕೊಡಿಸಿದರು. ಅವನು ಚೇತರಿಸಿಕೊಂಡಾಗ, ತನ್ನ ಅರಿವಿಗೇ ಬಾರದೆ ನಡೆದ ಆ ವಿಧಿಯನ್ನು ಅವನೂ ತನ್ನೊಡನೆ ಗೇಲಿಮಾಡುವನೆಂದು ಅಗಸ್ಟೀನರು ನಿರೀಕ್ಷಿಸಿದರು. ಆದರೆ ಗೆಳೆಯನು ಅವರನ್ನು ಶತ್ರುವನ್ನು ನೋಡುವಂತೆ ನೋಡಿ, ಸ್ನೇಹ ಬೇಕಿದ್ದರೆ ಅಂತಹ ಮಾತು ನಿಲ್ಲಿಸಬೇಕೆಂದನು. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿತು. ಅಗಸ್ಟೀನರು ಹತ್ತಿರವಿಲ್ಲದ ಹೊತ್ತಿನಲ್ಲಿ ಅವನು ತೀರಿಕೊಂಡನು.

ಈ ಮರಣ ಅವರ ಜೀವನದೃಷ್ಟಿಯನ್ನು ಪರೀಕ್ಷೆಗೆ ಒಡ್ಡಿತು. ತವರೂರೇ ಅಸಹನೀಯವಾಯಿತು. ದೇವರಲ್ಲಿ ಭರವಸೆಯಿಡೆಂದು ಆತ್ಮಕ್ಕೆ ಹೇಳಿದರೂ ಅದು ಕೇಳಲಿಲ್ಲ. ಏಕೆಂದರೆ ಅವರು ಅಂದು ನಂಬಿದ್ದ ದೇವರಿಗಿಂತ ತೀರಿಹೋದ ಆ ಮನುಷ್ಯನೇ ಹೆಚ್ಚು ನಿಜವಾಗಿದ್ದನು. ಒಂದು ದರ್ಶನದ ಬಲಾಬಲವನ್ನು ವಾದಗಳಲ್ಲಿ ಅಳೆಯುವುದುಂಟು. ಮರಣಶಯ್ಯೆಯ ಬಳಿಯಲ್ಲಿಯೂ ಅಳೆಯಬೇಕಾಗುತ್ತದೆ. ಮಾನಿಯ ಪಂಥವು ಅಲ್ಲಿ ಅಗಸ್ಟೀನರಿಗೆ ಏನನ್ನೂ ಕೊಡಲಿಲ್ಲ. ಆದರೂ ಅದನ್ನು ಬಿಡಲು ಅವರಿಗೆ ಇನ್ನೂ ಹಲವು ವರ್ಷಗಳು ಬೇಕಾದವು.

ಮಾನಿಯಿಂದ ಅಕಾಡೆಮಿಗೆ

ಬಿಡುಗಡೆ ಮೂರು ಕಡೆಗಳಿಂದ ಬಂದಿತು. ಮೊದಲನೆಯದು ಖಗೋಳಶಾಸ್ತ್ರ. ಗ್ರಹಣಗಳನ್ನು ದಿನ, ಗಳಿಗೆಗಳ ಲೆಕ್ಕದಲ್ಲಿ ಮುಂಚಿತವಾಗಿ ಹೇಳಬಲ್ಲವರ ಗಣಿತಕ್ಕೂ, ಸೂರ್ಯಚಂದ್ರರ ಕುರಿತು ಮಾನಿ ಬರೆದುದಕ್ಕೂ ಹೊಂದಾಣಿಕೆಯಿರಲಿಲ್ಲ. ಫೌಸ್ತುಸ್ ಎಂಬ ಹೆಸರಾಂತ ಗುರು ಬಂದರೆ ಎಲ್ಲವನ್ನೂ ಬಿಡಿಸಿ ಹೇಳುವನೆಂದು ಪಂಥದವರು ಆಶ್ವಾಸನೆ ಕೊಡುತ್ತಿದ್ದರು. 383ರ ಸುಮಾರಿಗೆ ಫೌಸ್ತುಸ್ ಕಾರ್ಥೇಜಿಗೆ ಬಂದನು. ಅವನ ಮಾತು ಸೊಗಸಾಗಿತ್ತು, ವಿದ್ಯೆ ಅಲ್ಪವಾಗಿತ್ತು. ಆದರೆ ತನಗೆ ಈ ವಿಷಯ ತಿಳಿಯದೆಂದು ಅವನು ಸಂಕೋಚವಿಲ್ಲದೆ ಒಪ್ಪಿಕೊಂಡನು. ಆ ಪ್ರಾಮಾಣಿಕತೆಯನ್ನು ಅಗಸ್ಟೀನರು ಮೆಚ್ಚಿದರು. ಪಂಥದ ಮೇಲಿನ ಭರವಸೆಯನ್ನು ಮಾತ್ರ ಕಳೆದುಕೊಂಡರು.

ಎರಡನೆಯದು ನೆಬ್ರಿದಿಯುಸ್ ಎಂಬ ಸ್ನೇಹಿತ ಕಾರ್ಥೇಜಿನಲ್ಲಿಯೇ ಎತ್ತಿದ್ದ ಒಂದು ಪ್ರಶ್ನೆ. ದೇವರು ಕತ್ತಲೆಯೊಡನೆ ಯುದ್ಧಕ್ಕಿಳಿಯದಿದ್ದರೆ ಕತ್ತಲೆ ಆತನಿಗೆ ಏನು ಮಾಡಬಲ್ಲದಾಗಿತ್ತು? ಕೇಡು ಮಾಡಬಲ್ಲದಾಗಿತ್ತು ಎಂದರೆ ದೇವರು ಕೆಡಬಲ್ಲವನಾಗುತ್ತಾನೆ. ಮಾಡಲಾರದಾಗಿತ್ತು ಎಂದರೆ ಯುದ್ಧಕ್ಕೆ ಕಾರಣವೇ ಇಲ್ಲ. ಸ್ನೇಹಿತನು ಎತ್ತಿದ ಈ ತರ್ಕವನ್ನು ಅಗಸ್ಟೀನರು ಜೀವನಪರ್ಯಂತ ಮರೆಯಲಿಲ್ಲ. ಮೂರನೆಯದು ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಪ್ರಬೋಧನೆಗಳು. ಹಳೆಯ ಒಡಂಬಡಿಕೆಯನ್ನು ಅಕ್ಷರಾರ್ಥದಲ್ಲಿ ಹಿಡಿದು ಹಳಿಯುತ್ತಿದ್ದ ಮಾನಿಕೇಯರಿಗೆ ಉತ್ತರವಿದೆಯೆಂಬುದು ಅಂಬ್ರೋಸರ ಆಧ್ಯಾತ್ಮಿಕ ವ್ಯಾಖ್ಯಾನದಿಂದ ತಿಳಿದುಬಂದಿತು.

ಆದರೆ ಈ ಬಿಡುಗಡೆ ತಕ್ಷಣವೇ ವಿಶ್ವಾಸಕ್ಕೆ ಕರೆದೊಯ್ಯಲಿಲ್ಲ. 383ರಲ್ಲಿ ರೋಮಿಗೆ ತೆರಳಿ, 384ರಲ್ಲಿ ನಗರಾಧಿಕಾರಿ ಸಿಮ್ಮಾಕುಸನ ಶಿಫಾರಸ್ಸಿನಿಂದ ಮಿಲಾನಿನಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕ ಹುದ್ದೆಯನ್ನು ಪಡೆದ ಅಗಸ್ಟೀನರ ಮನಸ್ಸು ಅಕಾಡೆಮಿಯ ಸಂದೇಹವಾದದತ್ತ ವಾಲಿತ್ತು. ಪ್ಲೇಟೋ ಸ್ಥಾಪಿಸಿದ ಅಕಾಡೆಮಿಯು ಅರ್ಕೆಸಿಲಾಸ್ ಮತ್ತು ಕಾರ್ನಿಯಾಡೆಸರ ಕಾಲದಲ್ಲಿ ಯಾವುದಕ್ಕೂ ನಿಶ್ಚಿತ ಸಮ್ಮತಿ ಕೊಡಬಾರದೆಂಬ ನಿಲುವಿಗೆ ಬಂದಿತ್ತು. ಬದುಕಿಗೆ ‘ಸತ್ಯಸದೃಶ’ವಾದುದೇ ಸಾಕೆಂಬುದು ಅವರ ಮತ. ಒಂಬತ್ತು ವರ್ಷ ಮೋಸಹೋದೆನೆಂದು ಅರಿತವನಿಗೆ ಈ ಎಚ್ಚರಿಕೆ ಔಷಧದಂತೆ ಕಂಡುದು ಸಹಜ. ಒಮ್ಮೆ ಕೆಟ್ಟ ವೈದ್ಯನ ಕೈಗೆ ಸಿಕ್ಕವನು ಒಳ್ಳೆಯ ವೈದ್ಯನಿಗೂ ಹೆದರುವಂತೆ ತಾನು ಹೆದರಿದೆನೆಂದು ಅವರು ಆ ದಿನಗಳನ್ನು ನೆನೆಯುತ್ತಾರೆ.

ಪ್ಲೇಟೋವಾದಿಗಳ ಗ್ರಂಥಗಳು

386ರಲ್ಲಿ ಅವರ ಕೈಗೆ ಪ್ಲೇಟೋವಾದಿಗಳ ಕೆಲವು ಗ್ರಂಥಗಳು ಬಂದವು. ಗ್ರೀಕ್ ಮೂಲದಿಂದ ಅವುಗಳನ್ನು ಲತೀನಿಗೆ ತಂದವನು ಮಾರಿಯುಸ್ ವಿಕ್ತೊರೀನುಸ್. ರೋಮಿನಲ್ಲಿ ಪ್ರತಿಮೆಯ ಗೌರವ ಪಡೆದಿದ್ದ ಆ ವಿದ್ವಾಂಸನು ಮುಪ್ಪಿನಲ್ಲಿ ಬಹಿರಂಗವಾಗಿ ಕ್ರೈಸ್ತ ವಿಶ್ವಾಸವನ್ನು ಘೋಷಿಸಿದ್ದನು. ಈ ಚಿಂತನೆಯ ಮೂಲಪುರುಷ ಪ್ಲೊಟೀನುಸ್ 270ರಲ್ಲಿ ತೀರಿಕೊಂಡಿದ್ದನು. ಅವನ ಐವತ್ತನಾಲ್ಕು ಪ್ರಬಂಧಗಳನ್ನು ಶಿಷ್ಯ ಪೊರ್ಫಿರಿ ಒಂಬತ್ತೊಂಬತ್ತರ ಆರು ಗುಂಪುಗಳಾಗಿ ಜೋಡಿಸಿದ್ದನು.

ಅಲ್ಲಿಯವರೆಗೂ ಅಗಸ್ಟೀನರು ದೇವರನ್ನು ಭೌತಿಕ ವಿಸ್ತಾರವಿಲ್ಲದೆ ಕಲ್ಪಿಸಲಾರದವರಾಗಿದ್ದರು. ಅಪಾರವಾದ ಕಡಲೊಂದು ತನ್ನೊಳಗಿನ ದೊಡ್ಡ ಸ್ಪಂಜನ್ನು ತುಂಬಿರುವಂತೆ ದೇವರು ಸೃಷ್ಟಿಯನ್ನು ತುಂಬಿರುವನೆಂದು ಅವರು ಭಾವಿಸಿದ್ದರು. ದೇವರು ಅಶರೀರಿ, ಕೇಡು ಎಂಬುದು ಒಂದು ವಸ್ತುವಲ್ಲ, ಒಳಿತಿನ ಕೊರತೆ, ಸತ್ಯವನ್ನು ಅರಸುವವನು ಹೊರಗೆ ಅಲೆಯದೆ ತನ್ನೊಳಗೆ ಹೊಕ್ಕು ಅಲ್ಲಿಂದ ಮೇಲೇರಬೇಕು: ಈ ಮೂರನ್ನೂ ಅವರು ಪ್ಲೇಟೋವಾದಿಗಳಿಂದ ಕಲಿತರು. ಮಾನಿಯು ಹಾಕಿದ್ದ ಗಂಟು ಇಲ್ಲಿ ಬಿಚ್ಚಿಕೊಂಡಿತು.

ಆದರೂ ಅಲ್ಲಿ ಅವರು ಕಾಣದೆ ಹೋದುದೊಂದಿತ್ತು. ಸಂತ ಯೊವಾನ್ನರ ಶುಭಸಂದೇಶದ ಆರಂಭದಲ್ಲಿ ದೇವರೊಡನಿದ್ದ ವಾಕ್ಯದ ಕುರಿತು ಹೇಳಿರುವುದಕ್ಕೆ ಸಮನಾದುದನ್ನು ಆ ಗ್ರಂಥಗಳಲ್ಲಿ ಓದಿದೆನು, ಆದರೆ ಆ ವಾಕ್ಯವು ಮಾಂಸಧಾರಿಯಾದುದನ್ನು ಅಲ್ಲಿ ಓದಲಿಲ್ಲ ಎಂಬುದು ಅವರ ಪ್ರಸಿದ್ಧ ತೀರ್ಪು. ಗುರಿಯನ್ನು ದೂರದಿಂದ ಕಾಣುವುದು ಒಂದು, ಅಲ್ಲಿಗೆ ಹೋಗುವ ದಾರಿಯನ್ನು ಹಿಡಿಯುವುದು ಮತ್ತೊಂದು. ಆ ದಾರಿ ಮನುಷ್ಯನಾಗಿ ತಗ್ಗಿ ಬಂದ ಕ್ರಿಸ್ತನೆಂಬುದನ್ನು ಅವರು ಸಂತ ಪೌಲರ ಪತ್ರಗಳಿಂದ ಅರಿತರು. 387ರ ಏಪ್ರಿಲ್ 24ರ ರಾತ್ರಿ, ಪಾಸ್ಖ ಜಾಗರಣೆಯಲ್ಲಿ, ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು. ಅವರ ಜೊತೆಯಲ್ಲಿ ಅಲಿಪಿಯುಸರೂ ಮಗ ಅದೆಯೊದಾತುಸನೂ ದೀಕ್ಷಾಸ್ನಾನ ಪಡೆದರು.

ಋಣ ತೀರಿಸಿದ ಬರಹಗಳು

ಏಣಿಯ ಚಿತ್ರ ಇಲ್ಲಿಗೆ ಮುಗಿಯುತ್ತದೆ. ಆದರೆ ಹೊಣೆಗಾರಿಕೆಯ ದೃಷ್ಟಿಯಿಂದ ನೋಡಿದರೆ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ. ಸತ್ಯವನ್ನು ಕಂಡುಕೊಂಡ ಅಗಸ್ಟೀನರ ಮುಂದೆ ಈಗ ಒಂದು ಪ್ರಶ್ನೆಯಿತ್ತು: ನನ್ನ ಮಾತು ಕೇಳಿ ದಾರಿತಪ್ಪಿದವರ ಗತಿಯೇನು?

386ರ ಶರತ್ಕಾಲದಲ್ಲಿ, ದೀಕ್ಷಾಸ್ನಾನಕ್ಕೂ ಮುಂಚೆ, ಮಿಲಾನಿನ ಸಮೀಪದ ಕಸ್ಸಿಸಿಯಾಕುಮ್ ಎಂಬ ಹಳ್ಳಿಮನೆಯಲ್ಲಿ ತಾಯಿ, ಮಗ, ಸ್ನೇಹಿತರು ಮತ್ತು ಶಿಷ್ಯರೊಡನೆ ಅವರು ನಡೆಸಿದ ಸಂವಾದಗಳು ಗ್ರಂಥಗಳಾದವು. ಅವುಗಳಲ್ಲಿ ಮೊದಲನೆಯದಾದ ‘ಅಕಾಡೆಮಿಯವರ ವಿರುದ್ಧ’ ಎಂಬ ಕೃತಿಯನ್ನು ಅರ್ಪಿಸಿದ್ದು ರೊಮಾನಿಯಾನುಸನಿಗೆ. ತಾನು ಮಾನಿಯ ಪಂಥಕ್ಕೆ ಎಳೆದೊಯ್ದ ಉಪಕಾರಿಯು ಈಗ ಸಂದೇಹದಲ್ಲಿ ಸಿಕ್ಕಿಕೊಳ್ಳಬಾರದೆಂಬ ಕಳಕಳಿ ಅದರಲ್ಲಿದೆ. ಅಲ್ಲಿನ ಒಂದು ವಾದ ಸರಳವೂ ಹರಿತವೂ ಆಗಿದೆ. ನಿನ್ನ ತಂದೆಯನ್ನು ಎಂದೂ ನೋಡದ ಒಬ್ಬನು ನಿನ್ನ ಸಹೋದರನನ್ನು ಕಂಡು, ಇವನು ಥೇಟ್ ತಂದೆಯಂತೆಯೇ ಇದ್ದಾನೆಂದರೆ ನಗದೆ ಇರಲಾದೀತೆ? ಸತ್ಯವನ್ನೇ ಅರಿಯೆನೆನ್ನುವವನು ಒಂದನ್ನು ‘ಸತ್ಯಸದೃಶ’ವೆಂದು ಕರೆಯುವುದೂ ಅಂತಹುದೇ. ಮನುಷ್ಯಕುಲವೆಲ್ಲ ಗೊರಕೆ ಹೊಡೆಯುತ್ತಿದ್ದರೂ ಮೂರು ಮೂರಲ ಒಂಬತ್ತೇ ಎಂದೂ ಅವರು ತೋರಿಸುತ್ತಾರೆ. ಸುಮಾರು 390ರಲ್ಲಿ ಬರೆದ ‘ನಿಜವಾದ ಧರ್ಮದ ಕುರಿತು’ ಎಂಬ ಕೃತಿಯೂ ಅದೇ ರೊಮಾನಿಯಾನುಸನಿಗೆ ಹಿಂದೆ ಕೊಟ್ಟಿದ್ದ ಮಾತನ್ನು ಉಳಿಸಿಕೊಂಡ ಕೃತಿ.

391ರಲ್ಲಿ ಹಿಪ್ಪೊ ನಗರದಲ್ಲಿ ಗುರುದೀಕ್ಷೆ ಪಡೆದ ಅಗಸ್ಟೀನರು ಬರೆದ ಮೊದಲ ಕೃತಿಗಳಲ್ಲಿ ‘ವಿಶ್ವಾಸದ ಪ್ರಯೋಜನ’ ಒಂದು. ಅದು ಹೊನೊರಾತುಸನನ್ನು ಉದ್ದೇಶಿಸಿ ಬರೆದುದು. ನಂಬದೆ ತಿಳಿಯುವೆವೆಂಬ ಮಾನಿಕೇಯರ ಭರವಸೆಯೇ ತಮ್ಮಿಬ್ಬರನ್ನೂ ಸೆಳೆದಿತ್ತೆಂಬುದನ್ನು ನೆನಪಿಸಿ, ನಂಬಿಕೆಯಿಲ್ಲದೆ ಸ್ನೇಹವೂ ಸಾಧ್ಯವಿಲ್ಲ, ಮಕ್ಕಳು ತಮ್ಮ ತಂದೆತಾಯಿಗಳನ್ನು ಗುರುತಿಸುವುದೂ ಸಾಧ್ಯವಿಲ್ಲ ಎಂದು ಅವರು ಹಳೆಯ ಸಹಪಾಠಿಗೆ ವಿವರಿಸುತ್ತಾರೆ. 392ರ ಆಗಸ್ಟ್ 28 ಮತ್ತು 29ರಂದು ಹಿಪ್ಪೊ ನಗರದ ಸ್ನಾನಗೃಹವೊಂದರಲ್ಲಿ ಮಾನಿಕೇಯ ಗುರು ಫೊರ್ತುನಾತುಸನೊಡನೆ ಬಹಿರಂಗ ವಾದ ನಡೆಯಿತು. ಅಲ್ಲಿ ಅಗಸ್ಟೀನರು ಮತ್ತೆ ಮತ್ತೆ ಬಳಸಿದ್ದು ನೆಬ್ರಿದಿಯುಸನ ಅದೇ ತರ್ಕವನ್ನು. ಸ್ನೇಹಿತನು ತನ್ನನ್ನು ಬಿಡಿಸಿದ ಅಸ್ತ್ರದಿಂದಲೇ ಅವರು ಇತರರನ್ನು ಬಿಡಿಸಲು ನಿಂತರು.

ಈ ಬರಹಗಳ ದನಿಯನ್ನು ಗಮನಿಸಬೇಕು. 396ರ ಸುಮಾರಿಗೆ ಮಾನಿಯ ಪತ್ರವೊಂದನ್ನು ಖಂಡಿಸಿ ಬರೆದ ಕೃತಿಯ ಆರಂಭದಲ್ಲಿ, ಸತ್ಯವನ್ನು ಕಂಡುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಅರಿಯದವರು ಬೇಕಾದರೆ ನಿಮ್ಮ ಮೇಲೆ ಕೋಪಿಸಿಕೊಳ್ಳಲಿ, ನಿಮ್ಮಂತೆಯೇ ಅಲೆದ ನನ್ನಿಂದ ಅದು ಆಗದೆಂಬ ಆಶಯವನ್ನು ಅವರು ವ್ಯಕ್ತಪಡಿಸುತ್ತಾರೆ. ಎಲ್ಲ ವಿವಾದಗಳಲ್ಲಿಯೂ ಅವರು ಈ ಸೌಮ್ಯತೆಯನ್ನು ಉಳಿಸಿಕೊಂಡರೆಂದು ಹೇಳಲಾಗದು. ದೊನಾತಿಯರ ವಿಷಯದಲ್ಲಿ ರಾಜ್ಯಶಕ್ತಿಯ ಬಲವಂತವನ್ನು ಸಮರ್ಥಿಸುವ ಮಟ್ಟಕ್ಕೂ ಅವರು ಹೋದರು. ತಾವೇ ನಡೆದು ಬಂದ ದಾರಿಯಲ್ಲಿ ಇರುವವರೊಡನೆ ತಾಳ್ಮೆ, ನಡೆಯದ ದಾರಿಯವರೊಡನೆ ಕಾಠಿಣ್ಯ: ಈ ವ್ಯತ್ಯಾಸ ನಮಗೂ ಎಚ್ಚರಿಕೆಯಾಗಿದೆ.

ಬಿಟ್ಟರೂ ಬಿಡದವು

ಬಿಟ್ಟುಬಂದ ಪಂಥಗಳು ಅಗಸ್ಟೀನರನ್ನು ನಿಜಕ್ಕೂ ಬಿಟ್ಟವೆ? ಅವರ ವಿರೋಧಿಗಳು ಇಲ್ಲವೆಂದರು. ದೊನಾತಿಯ ಧರ್ಮಾಧ್ಯಕ್ಷ ಪೆತಿಲಿಯಾನುಸ್ ಅವರ ಮಾನಿಕೇಯ ಗತಕಾಲವನ್ನು ಎತ್ತಿ ಆಡಿದನು. ಪೆಲಾಗಿಯುಸನ ಪಕ್ಷವನ್ನು ಸಮರ್ಥಿಸಿದ ಎಕ್ಲಾನುಮಿನ ಧರ್ಮಾಧ್ಯಕ್ಷ ಜೂಲಿಯಾನುಸ್ ಇನ್ನೂ ಮುಂದೆ ಹೋಗಿ, ಜನ್ಮಪಾಪದ ಬೋಧನೆಯೇ ಮಾನಿಯ ಮತದ ಮರುರೂಪವೆಂದು ಆರೋಪಿಸಿದನು. ಅಗಸ್ಟೀನರು ಮರಣಕಾಲದವರೆಗೂ ಅವನಿಗೆ ಉತ್ತರ ಬರೆಯುತ್ತಿದ್ದರು. ಆ ಗ್ರಂಥ ಅಪೂರ್ಣವಾಗಿ ಉಳಿಯಿತು. 1918ರಲ್ಲಿ ಆಲ್ಜೀರಿಯದ ತೆಬೆಸ್ಸಾ ಬಳಿ ದೊರೆತ ಲತೀನ್ ಹಸ್ತಪ್ರತಿ, ಅನಂತರ ಈಜಿಪ್ಟಿನ ಮದೀನತ್ ಮಾದಿಯಲ್ಲಿ ದೊರೆತ ಕಾಪ್ಟಿಕ್ ಗ್ರಂಥಗಳು ಮಾನಿಕೇಯರ ಸ್ವಂತ ದನಿಯನ್ನು ನಮಗೆ ಕೇಳಿಸಿದ ಮೇಲೆ ಈ ಚರ್ಚೆ ಮತ್ತೆ ಚುರುಕಾಗಿದೆ.

ನನ್ನ ಅಭಿಪ್ರಾಯದಲ್ಲಿ ಜೂಲಿಯಾನುಸನ ಆರೋಪ ಸಿದ್ಧಾಂತದ ಮಟ್ಟದಲ್ಲಿ ನಿಲ್ಲದು. ಮಾನಿಗೆ ಕೇಡು ಒಂದು ಅನಾದಿ ವಸ್ತು. ಅಗಸ್ಟೀನರಿಗೆ ಅದು ದೇವರು ಒಳಿತಾಗಿ ಸೃಷ್ಟಿಸಿದ ಸ್ವಭಾವಕ್ಕೆ ಆದ ಗಾಯ. ಗಾಯಗೊಂಡುದನ್ನು ಗುಣಪಡಿಸಬಹುದು, ಅನಾದಿ ಕತ್ತಲೆಯನ್ನು ಗುಣಪಡಿಸಲಾಗದು. ಆದರೆ ಪ್ರಶ್ನೆಯ ತೀವ್ರತೆ ಎಲ್ಲಿಂದ ಬಂದಿತೆಂದು ಕೇಳಿದರೆ, ಆ ಒಂಬತ್ತು ವರ್ಷಗಳನ್ನು ಮರೆಮಾಚಲಾಗದು. ಇಚ್ಛೆಯ ಒಳಬಿರುಕನ್ನು ಅಷ್ಟು ಆಳವಾಗಿ ಕಂಡವರು ಅದನ್ನು ಎರಡು ಸ್ವಭಾವಗಳೆಂದು ಒಮ್ಮೆ ನಂಬಿದ್ದವರೇ. ಪಂಥವು ಕೊಟ್ಟ ಉತ್ತರವನ್ನು ಬಿಡಬಹುದು. ಅದು ಕಲಿಸಿದ ಪ್ರಶ್ನೆಯನ್ನು ಬಿಡುವುದು ಸುಲಭವಲ್ಲ.

ಈ ಸತ್ಯವನ್ನು ಅಗಸ್ಟೀನರೇ ಅರಿತಿದ್ದರು ಎಂಬುದಕ್ಕೆ ಸಾಕ್ಷಿ 426 ಮತ್ತು 427ರಲ್ಲಿ ಅವರು ರಚಿಸಿದ ‘ರೆತ್ರಾಕ್ತಾತ್ಸಿಯೋನೆಸ್’ ಅಥವಾ ‘ಪುನರ್ವಿಮರ್ಶೆಗಳು’. ಎಪ್ಪತ್ತು ದಾಟಿದ ಧರ್ಮಾಧ್ಯಕ್ಷರು ತಮ್ಮ 93 ಕೃತಿಗಳನ್ನು, ಒಟ್ಟು 232 ಸಂಪುಟಗಳನ್ನು, ಒಂದೊಂದಾಗಿ ಮುಂದಿಟ್ಟುಕೊಂಡು ಎಲ್ಲೆಲ್ಲಿ ತಪ್ಪಿದೆನೆಂದು ಬರೆದರು. ಪ್ಲೇಟೋವಾದಿಗಳನ್ನು ಮಿತಿಮೀರಿ ಹೊಗಳಿದ್ದು ತಪ್ಪೆಂದರು. ವಿಧಿಯೆಂಬರ್ಥದ ‘ಫೊರ್ತೂನ’ ಪದವನ್ನು ಪದೇ ಪದೇ ಬಳಸಿದ್ದಕ್ಕೆ ವಿಷಾದಿಸಿದರು. ಇಂದ್ರಿಯಗೋಚರ ವಸ್ತುಗಳಿಂದ ಸಂಪೂರ್ಣವಾಗಿ ಓಡಬೇಕೆಂದು ತಾವು ಬರೆದುದನ್ನು, ಎಲ್ಲ ಶರೀರದಿಂದಲೂ ದೂರವಾಗಬೇಕೆಂಬ ಪೊರ್ಫಿರಿಯ ಮತವೆಂದು ಯಾರೂ ತಿಳಿಯಬಾರದೆಂದು ಎಚ್ಚರಿಸಿದರು. ಶರೀರದ ಪುನರುತ್ಥಾನವನ್ನು ನಂಬುವವರು ಹಾಗೆ ಹೇಳಲಾಗದು. ವಿದ್ಯೆಗಳಿಗೆ ಅತಿಯಾದ ಮಹತ್ವ ಕೊಟ್ಟದ್ದನ್ನೂ ತಿದ್ದಿದರು: ಅವುಗಳನ್ನರಿಯದ ಸಂತರು ಅನೇಕರಿದ್ದಾರೆ, ಅರಿತರೂ ಸಂತರಾಗದವರೂ ಇದ್ದಾರೆ. ಕಸ್ಸಿಸಿಯಾಕುಮಿನ ಸಂವಾದಗಳಲ್ಲಿ ಗ್ರಂಥಗಳನ್ನೋದದ ಮೋನಿಕಾ ತತ್ತ್ವಜ್ಞಾನದ ಶಿಖರವನ್ನೇ ಮುಟ್ಟಿದಳೆಂದು ಮಗ ಆಗಲೇ ಒಪ್ಪಿಕೊಂಡಿದ್ದನ್ನು ಇಲ್ಲಿ ನೆನೆಯಬಹುದು.

ಮಾನಿಕೇಯರ ವಿರುದ್ಧ ಬರೆದ ‘ಸ್ವತಂತ್ರ ಇಚ್ಛೆ’ ಎಂಬ ಕೃತಿಯ ಪ್ರಸಂಗ ಇನ್ನೂ ಬೋಧಪ್ರದ. ಅದರ ವಾಕ್ಯಗಳನ್ನೇ ಪೆಲಾಗಿಯುಸ್ ತನ್ನ ಪಕ್ಷಕ್ಕೆ ಆಧಾರವಾಗಿ ಬಳಸಿಕೊಂಡನು. ಒಂದು ತಪ್ಪನ್ನು ತಿದ್ದಲು ಬರೆದುದು ಮತ್ತೊಂದು ತಪ್ಪಿಗೆ ಆಸರೆಯಾಯಿತು. ಆಗ ಅಗಸ್ಟೀನರು ತಮ್ಮ ಓದುಗರಿಗೆ ವರಪ್ರಸಾದದ ಪಾತ್ರವನ್ನು ಮತ್ತೆ ವಿವರಿಸಬೇಕಾಯಿತು. ಬರೆದವನ ಕೈಬಿಟ್ಟ ಮಾತು ಓದುವವರ ಬದುಕಿನಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ ಎಂಬ ಅರಿವಿನಿಂದಲೇ ‘ಪುನರ್ವಿಮರ್ಶೆಗಳು’ ಹುಟ್ಟಿತು. ತನ್ನ ಬರಹಗಳನ್ನು ಓದುವವನು ತನ್ನ ತಪ್ಪುಗಳಲ್ಲಿ ತನ್ನನ್ನು ಅನುಸರಿಸದೆ, ತನ್ನ ಪ್ರಗತಿಯಲ್ಲಿ ಅನುಸರಿಸಲಿ ಎಂಬುದು ಅವರ ಪ್ರಾರ್ಥನೆಯಾಗಿತ್ತು.

ಕೊನೆಯ ದಿನಗಳು

430ರಲ್ಲಿ ವಂಡಾಲರು ಹಿಪ್ಪೊ ನಗರವನ್ನು ಮುತ್ತಿದರು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಜ್ವರದಿಂದ ಮಲಗಿದ ಅಗಸ್ಟೀನರು ಆಗಸ್ಟ್ 28ರಂದು ನಿಧನರಾದರು. ಅವರೊಡನೆ ಸುಮಾರು ನಲವತ್ತು ವರ್ಷ ಬಾಳಿದ ಪೊಸ್ಸಿದಿಯುಸ್ ಬರೆದ ಜೀವನಚರಿತ್ರೆಯಲ್ಲಿ ಆ ದಿನಗಳ ಎರಡು ವಿವರಗಳಿವೆ. ಮೊದಲನೆಯದು, ಕಣ್ಣೆದುರೇ ನಗರಗಳು ಹಾಳಾಗುತ್ತಿದ್ದಾಗ ಅವರು ಒಬ್ಬ ಜ್ಞಾನಿಯ ಮಾತಿನಿಂದ ಸಮಾಧಾನ ಹೊಂದುತ್ತಿದ್ದರು: ಕಲ್ಲುಮರಗಳು ಉರುಳುವುದನ್ನೂ ಸಾಯಬೇಕಾದವರು ಸಾಯುವುದನ್ನೂ ಮಹತ್ತಾದ ಸಂಗತಿಯೆಂದು ಎಣಿಸುವವನು ಮಹಾತ್ಮನಲ್ಲ ಎಂಬುದು ಅದರ ತಾತ್ಪರ್ಯ. ಆ ಜ್ಞಾನಿ ಪ್ಲೊಟೀನುಸ್. ಎರಡನೆಯದು, ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ, ಅವುಗಳನ್ನು ಓದುತ್ತ ಅವರು ಕಣ್ಣೀರು ಸುರಿಸುತ್ತಿದ್ದರು.

ಪ್ಲೇಟೋವಾದಿಗಳನ್ನು ಹೆಚ್ಚು ಹೊಗಳಿದೆನೆಂದು ಕೆಲವೇ ವರ್ಷಗಳ ಹಿಂದೆ ಬರೆದವರಿಗೆ ಕೊನೆಗಾಲದಲ್ಲಿ ಅವರ ಮಾತೇ ನೆನಪಾಯಿತು. ಇದನ್ನು ಅಸಂಗತವೆನ್ನಬೇಕಿಲ್ಲ. ತತ್ತ್ವಜ್ಞಾನಿಯ ಮಾತು ಅವರಿಗೆ ಧೈರ್ಯ ಕೊಟ್ಟಿತು; ಆದರೆ ಅಳುವುದನ್ನು ಕಲಿಸಿದ್ದು ಕೀರ್ತನೆಗಳು. ಪ್ಲೊಟೀನುಸನ ಜ್ಞಾನಿಯು ಅಳುವುದಿಲ್ಲ. ಕ್ಷಮೆ ಬೇಡುವುದಕ್ಕೆ ಅವನ ಮುಂದೆ ಯಾರೂ ಇಲ್ಲ. ಗೋಡೆಯ ಮೇಲೆ ಯಾವುದಿತ್ತು, ನೆನಪಿನಲ್ಲಿ ಯಾವುದಿತ್ತು ಎಂಬ ವ್ಯತ್ಯಾಸವೇ ಅವರ ಜೀವನದೃಷ್ಟಿಯ ಕ್ರಮವನ್ನು ತಿಳಿಸುತ್ತದೆ.

ಉಪಸಂಹಾರ

ಜಗದ್ಗುರು ಎರಡನೇ ಜಾನ್ ಪೌಲರು 1998ರಲ್ಲಿ ಹೊರಡಿಸಿದ ‘ಫಿದೆಸ್ ಎತ್ ರಾತ್ಸಿಯೊ’ ಎಂಬ ವಿಶ್ವಪತ್ರವು, ಧರ್ಮಸಭೆಗೆ ತನ್ನದೇ ಆದ ಒಂದು ತತ್ತ್ವಶಾಸ್ತ್ರವಿಲ್ಲ, ಇತರ ಪಂಥಗಳನ್ನು ಬದಿಗೊತ್ತಿ ಯಾವುದಾದರೊಂದನ್ನು ಅದು ಅಧಿಕೃತಗೊಳಿಸುವುದೂ ಇಲ್ಲವೆಂದು ಸ್ಪಷ್ಟಪಡಿಸಿದೆ. ಆದುದರಿಂದಲೇ ನಮ್ಮ ಗುರುಮಠಗಳಲ್ಲಿ ದೈವಶಾಸ್ತ್ರಕ್ಕೆ ಮೊದಲು ತತ್ತ್ವಶಾಸ್ತ್ರದ ಅಧ್ಯಯನವಿದೆ. ಪ್ಲೇಟೋ, ಅರಿಸ್ಟಾಟಲ್, ತೋಮಾಸ್ ಅಕ್ವೀನಾಸರ ಜೊತೆಗೆ ಶಂಕರ, ರಾಮಾನುಜ, ಮಧ್ವರನ್ನೂ ನಮ್ಮ ಅಭ್ಯರ್ಥಿಗಳು ಓದುತ್ತಾರೆ. ಆದರೆ ಈ ವರ್ಷಗಳನ್ನು ದಾಟಿ ಮರೆಯಬೇಕಾದ ಮೆಟ್ಟಿಲುಗಳೆಂದು ಎಣಿಸುವ ಅಪಾಯ ಸದಾ ಇದೆ. ವಿದ್ಯಾರ್ಥಿಯು ಸಂದೇಹವಾದವನ್ನು ಮೂರು ಅಂಶಗಳಲ್ಲಿ ಖಂಡಿಸಿ ಅಂಕ ಪಡೆಯುತ್ತಾನೆ. ಹತ್ತು ವರ್ಷಗಳ ನಂತರ, ಮಗುವನ್ನು ಕಳೆದುಕೊಂಡ ಮನೆಯಲ್ಲಿ ನಿಂತಾಗ ಆ ಸಂದೇಹ ಅವನಲ್ಲಿಯೇ ತಲೆಯೆತ್ತುತ್ತದೆ.

ಅಗಸ್ಟೀನರು ನಮಗೆ ಕಲಿಸುವುದು ಇಷ್ಟು. ನಾವು ಒಂದು ದರ್ಶನವನ್ನು ಒಪ್ಪುವಾಗ ಅದು ಸಾವಿನ ಮನೆಯಲ್ಲಿ ಏನು ಹೇಳಬಲ್ಲದೆಂದು ಕೇಳಿಕೊಳ್ಳಬೇಕು. ಅದನ್ನು ತ್ಯಜಿಸುವಾಗ, ಅದು ನಮ್ಮಲ್ಲಿ ಬಿಟ್ಟುಹೋದ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಗುರುತಿಸಬೇಕು. ಅದನ್ನು ಬೋಧಿಸಿದ್ದರೆ, ಕೇಳಿದವರ ಬಳಿಗೆ ಮರಳಿ ಹೋಗಿ ತಿದ್ದುವ ವಿನಯ ಬೇಕು. ಬೋಧಿಸುವವರಾದ ನಮಗೆ ಈ ಮೂರನೆಯದು ಎಲ್ಲಕ್ಕಿಂತ ಕಷ್ಟಕರ. ಹೆಸರಿಲ್ಲದ ಆ ಗೆಳೆಯನ ಬಳಿಗೆ ಮರಳಿ ಹೋಗಲು ಅಗಸ್ಟೀನರಿಗೆ ಆಗಲಿಲ್ಲ. ಅವನು ದೀಕ್ಷಾಸ್ನಾನದ ಬಲದಿಂದ ತಮಗಿಂತ ಮುಂಚೆಯೇ ಮನೆ ಸೇರಿದನೆಂದು ಅವರು ದೇವರಿಗೆ ಕೃತಜ್ಞರಾದರು. ಉಳಿದವರಿಗಾಗಿ ಬರೆದರು.